ಶನಿವಾರದ ನಾಟಕಗಳು ಮತ್ತು ಇಸ್ಮಾಯಿಲ್ ಮಿಯಾರ ಕೈ

ನನ್ನ ಬೀಳ್ಕೊಡುಗೆಯ ದಿನ ನಮ್ಮ ಮ್ಯಾನೇಜರರು ಭಾಷಣದಲ್ಲಿ ಒಂದು ಮಾತು ಹೇಳಿದರು. ಇಸ್ಮಾಯಿಲ್ ಮಿಯಾರ ಪ್ರಕರಣದಲ್ಲಿ ಸತ್ಯ ಹೊರಬಿದ್ದದ್ದು ಹೊಸ ಕಂಪ್ಯೂಟರ್ ವ್ಯವಸ್ಥೆಯ ದೆಸೆಯಿಂದ, ಅದನ್ನು ಸಮರ್ಥವಾಗಿ ಬಳಸಿಕೊಂಡವರಲ್ಲಿ ರಾವ್ ಅವರೂ ಒಬ್ಬರು ಎಂದರು. ಸಭೆ ಚಪ್ಪಾಳೆ ತಟ್ಟಿತು. ಕೊರಳಲ್ಲಿ ಹಾರವೂ ಕೈಯಲ್ಲಿ ಸಂದೇಶ್ ಮಿಠಾಯಿಯ ಪೆಟ್ಟಿಗೆಯೂ ಇದ್ದುದರಿಂದ ನಾನು ಎದ್ದು ವಿರೋಧಿಸಲಿಲ್ಲ. ಅಂದು ನುಂಗಿಕೊಂಡ ವಿರೋಧವನ್ನು ಈಗ ಕಾಗದದ ಮೇಲೆ ಇಳಿಸುತ್ತಿದ್ದೇನೆ. ನಾನು ಎದ್ದುಬಂದ ಮೇಜಿನ ಮುಂದೆ ಇಂದು ಕುಳಿತಿರುವ ತರುಣರು ಇದನ್ನು ಓದಲಿ ಎಂಬುದು ನನ್ನ ಆಸೆ. ಓದಿ ಒಪ್ಪಬೇಕೆಂದಿಲ್ಲ. ಒಪ್ಪದೆ ಪರೀಕ್ಷಿಸಿದರೆ ಇನ್ನೂ ಸಂತೋಷ.

ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಸರಕು ಏರಿಸಿ ಇಳಿಸುವ ಗುತ್ತಿಗೆಯ ಒಂದು ಖಾಸಗಿ ಸಂಸ್ಥೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ದುಡಿದೆ. ಸಂಸ್ಥೆ ಈಗ ಇಲ್ಲ. ಅದರ ಹೆಸರೂ ಬೇಡ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ತಡವಾಗಿ ಬಂದವು, ಬಂದ ಮೇಲೆ ಯಾವ ವ್ಯತ್ಯಾಸವನ್ನೂ ಮಾಡಲಿಲ್ಲ. ನನ್ನ ಕೆಲಸ ಹೇಳಿಕೆ ಬರೆದುಕೊಳ್ಳುವುದು. ಪೆಟ್ಟಿಗೆ ಒಡೆದರೆ, ಮೂಟೆ ನೆನೆದರೆ, ಮನುಷ್ಯನಿಗೆ ಪೆಟ್ಟಾದರೆ, ಕಂಡವರನ್ನು ಕರೆಸಿ ಅವರು ಹೇಳಿದ್ದನ್ನು ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಮೇಲಿನವರಿಗೆ ಕಳುಹಿಸುವುದು. ಇದಕ್ಕೆ ಬೇಕಾದ ವಿದ್ಯೆ ಸ್ವಲ್ಪವೇ ಎಂದು ನೇಮಿಸಿಕೊಂಡವರು ಭಾವಿಸಿದ್ದರು. ಬ್ರಹ್ಮಾವರದಲ್ಲಿ ಹತ್ತನೆಯ ತರಗತಿ ಮುಗಿಸಿ, ಬ್ಯಾಂಕಿನಲ್ಲಿದ್ದ ಸೋದರಮಾವನ ಬೆನ್ನು ಹಿಡಿದು ಕೋಲ್ಕತ್ತೆಗೆ ಬಂದ ನಾನೂ ಹಾಗೆಯೇ ಭಾವಿಸಿದ್ದೆ.

ಮಿಕ್ಕ ವಿದ್ಯೆ ನನಗೆ ಯಾವ ಕಾಲೇಜಿನಲ್ಲಿಯೂ ಸಿಕ್ಕಿದ್ದಲ್ಲ. ಅದರ ಅರ್ಧ ಊರಿನ ತಾಳಮದ್ದಳೆಯಿಂದ ಬಂದದ್ದು, ಉಳಿದರ್ಧ ನೀಲಮಣಿಬಾಬುಗಳಿಂದ.

ನೀಲಮಣಿ ದತ್ತ ನಮ್ಮ ಕಚೇರಿಯ ದಾಖಲೆ ಕೋಣೆಯ ಒಡೆಯರು. ದಪ್ಪ ದೇಹ, ತೆಳ್ಳನೆಯ ದನಿ, ಹದಗೆಟ್ಟ ಬಲ ಮೊಣಕಾಲು. ಬಾರಾನಗರದಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಯೌವನದಲ್ಲಿ ವೃತ್ತಿರಂಗಭೂಮಿಯಲ್ಲಿ ರಾಜನ ಪಾತ್ರ ಮಾಡಿದ್ದೆನೆಂದು ಹೇಳುತ್ತಿದ್ದರು. ನಾನು ಇದನ್ನು ಪೂರ್ತಿಯಾಗಿ ನಂಬಿರಲಿಲ್ಲ. ಕೆಣಕಿ ಕೆಣಕಿ ಕೇಳಿದ ಮೇಲೆ, ರಾಜನ ಪಾತ್ರಧಾರಿಗೆ ಜ್ವರ ಬಂದ ಒಂದು ಸಂಜೆ ಮಾತ್ರ ರಾಜನಾಗಿದ್ದೆ, ಮಿಕ್ಕ ದಿನ ಈಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ ಎಂದು ಒಪ್ಪಿಕೊಂಡರು. ಆದರೆ ಈಟಿ ಹಿಡಿದು ನಿಂತವನು ಎಲ್ಲ ಪಾತ್ರಗಳನ್ನೂ ಹಿಂದಿನಿಂದ ನೋಡಿರುತ್ತಾನೆ ಎಂಬುದನ್ನು ಆಮೇಲೆ ಅರಿತೆ.

ನಮ್ಮ ಸ್ನೇಹ ಜಗಳದಿಂದ ಮೊದಲಾಯಿತು. ಪಾದಚಾರಿ ಮಾರ್ಗದ ಹಳೆಯ ಪುಸ್ತಕದ ರಾಶಿಯಲ್ಲಿ ಸಿಕ್ಕಿದ, ರಟ್ಟು ಹರಿದ ಒಂದು ನಾಟಕವನ್ನು ಅವರು ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅದರಲ್ಲಿ ದೂತನೊಬ್ಬ ಓಡಿ ಬಂದು, ಯುದ್ಧದಲ್ಲಿ ರಾಜಕುಮಾರ ಹೇಗೆ ಸತ್ತನೆಂದು ಎರಡು ಪುಟ ವರ್ಣಿಸುತ್ತಾನೆ. ಓದಿ ಮುಗಿಸಿದ ನೀಲಮಣಿಬಾಬು ಕಣ್ಣೊರೆಸಿಕೊಂಡರು. ಎದುರಿಗೆ ಕುಳಿತು ಮೊಸರನ್ನ ತಿನ್ನುತ್ತಿದ್ದ ನಾನು, ಈ ದೂತ ಅಲ್ಲಿ ಇದ್ದನೇ ಎಂದು ಕೇಳಿದೆ.

ಅವರಿಗೆ ಸಿಟ್ಟು ಬಂತು. "ಮೋಶಾಯ್, ದೂತನನ್ನು ಅನುಮಾನಿಸಿದರೆ ನಾಟಕ ಮುಂದೆ ಹೋಗುವುದು ಹೇಗೆ?" ಎಂದರು.

ತಾಳಮದ್ದಳೆಯಲ್ಲಿ ಹೋಗುತ್ತದೆ ಎಂದೆ. ಅದೇನೆಂದು ಅವರಿಗೆ ವಿವರಿಸಬೇಕಾಯಿತು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತ ಅರ್ಥಧಾರಿಗಳು ಹಾಡಿನ ನಡುವೆ ಮಾತಿನಲ್ಲಿಯೇ ಪ್ರಸಂಗ ನಡೆಸುತ್ತಾರೆ. ಅಲ್ಲಿ ದೂತ ಬಂದು ಸುದ್ದಿ ಹೇಳಿದರೆ ಒಳ್ಳೆಯ ಅರ್ಥಧಾರಿ ಅವನನ್ನು ಸುಮ್ಮನೆ ಬಿಡುವುದಿಲ್ಲ. ನೀನು ಕಂಡದ್ದೋ, ಕೇಳಿದ್ದೋ? ಕಂಡದ್ದಾದರೆ ಎಲ್ಲಿ ನಿಂತು ಕಂಡೆ? ನಿನ್ನ ಮುಂದೆ ಯಾರಿದ್ದರು? ದೂತನ ಪಾತ್ರಧಾರಿ ದಡ್ಡನಾದರೆ ಅಲ್ಲಿಯೇ ಬೆವರುತ್ತಾನೆ. ಜಾಣನಾದರೆ ಕಥೆಯೇ ಹೊಸದಾಗಿ ಬಿಚ್ಚಿಕೊಳ್ಳುತ್ತದೆ.

ನೀಲಮಣಿಬಾಬು ದೂತನ ಆ ಎರಡು ಪುಟಗಳನ್ನು ಮತ್ತೆ ಓದಿದರು. ಬಿಡುವು ಮುಗಿದಾಗ ಪುಸ್ತಕವನ್ನು ನನ್ನ ಕಡೆ ತಳ್ಳಿ, "ಶನಿವಾರ ನಿಮ್ಮ ಮನೆಗೆ ಬರುತ್ತೇನೆ. ದೂತ ನಾನು. ನೀವು ಕೇಳಿ," ಎಂದರು.

ಶನಿವಾರ ನಮಗೆ ಅರ್ಧ ದಿನ. ಅಂದಿನಿಂದ ಇಪ್ಪತ್ತೆರಡು ವರ್ಷ, ಮಧ್ಯಾಹ್ನ ಎರಡರಿಂದ ಐದರವರೆಗೆ, ಹಡಗುಕಟ್ಟೆಯ ಹಿಂದಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾಟಕ ಓದುವುದು ನಡೆಯಿತು. ಬಂಗಾಳಿ ನಾಟಕಗಳನ್ನು ಅವರು ಓದುತ್ತಿದ್ದರು. ಊರಿನಿಂದ ತರಿಸಿದ ಕನ್ನಡದವನ್ನು ನಾನು ಮುರುಕು ಬಂಗಾಳಿಯಲ್ಲಿ ಅಲ್ಲಲ್ಲಿಯೇ ಹೇಳುತ್ತಿದ್ದೆ. ಹೆಣ್ಣು ಪಾತ್ರಗಳು ನನ್ನ ಹೆಂಡತಿ ಸುಮತಿಯವು. ಬಂಗಾಳಿಯನ್ನು ಮೀನಿನ ಮಾರುಕಟ್ಟೆಯಲ್ಲಿ ಕಲಿತವಳಾದ್ದರಿಂದ ಅವಳ ರಾಣಿಯರೆಲ್ಲ ಚೌಕಾಸಿಯ ದನಿಯಲ್ಲಿ ಮಾತಾಡುತ್ತಿದ್ದರು. ಮೀನು ತಿನ್ನದ ಮನೆಯವಳು ಮೀನಿನ ಮಾರುಕಟ್ಟೆಗೇಕೆ ಹೋಗುತ್ತಿದ್ದಳೆಂದು ಕೇಳಬಾರದು. ಒಳ್ಳೆಯ ಬಸಳೆ ಸಿಗುತ್ತಿದ್ದುದು ಅದರ ಬಾಗಿಲಲ್ಲಿ.

ಓದಿಗೆ ಒಂದು ನಿಯಮವಿತ್ತು. ಯಾವ ದೃಶ್ಯವನ್ನೂ ಹಾಗೆಯೇ ಮೊದಲು ಮಾಡುವಂತಿರಲಿಲ್ಲ. ಮೊದಲು ಮೇಜಿನ ಮೇಲೆ ಬೆಂಕಿಪೊಟ್ಟಣಗಳನ್ನು ಇಡಬೇಕು. ಒಂದೊಂದು ಪೊಟ್ಟಣ ಒಂದೊಂದು ಪಾತ್ರ. ಯಾರು ರಂಗದ ಮೇಲಿದ್ದಾರೆ, ಯಾರು ಬಾಗಿಲಾಚೆ ಇದ್ದಾರೆ, ಯಾರಿಗೆ ಯಾರು ಕಾಣುತ್ತಾರೆ ಎಂದು ತೀರ್ಮಾನವಾದ ಮೇಲೆಯೇ ಮೊದಲ ಮಾತು. ಪಾತ್ರವೊಂದು ತನಗೆ ಕಾಣದ್ದನ್ನು ಹೇಳಿದರೆ ಯಾರಾದರೂ ಮೇಜು ಕುಟ್ಟಿ "ಕಂಡದ್ದೋ, ಕೇಳಿದ್ದೋ?" ಎನ್ನಬೇಕು. ಬಹಳ ನಾಟಕಗಳು ಈ ಕುಟ್ಟಿಗೆ ತಡೆಯುತ್ತಿರಲಿಲ್ಲ. ತಡೆದುಕೊಂಡ ಕೆಲವನ್ನು ನಾವು ಮತ್ತೆ ಮತ್ತೆ ಓದಿದೆವು.

ಈ ವಿದ್ಯೆಯನ್ನು ಕಚೇರಿಗೆ ಒಯ್ದ ನನಗೆ ಮೊದಲು ಒದಗಿದ್ದು ಸೋಲು. ಅದನ್ನೂ ಬರೆಯಬೇಕು. ಸಾಮಾನು ಹೊರಹೋಗುವ ಗೇಟಿನಲ್ಲಿ ಕಾವಲುಗಾರನೊಬ್ಬನಿದ್ದ. ಲಾರಿಯೊಂದು ಗೇಟಿನ ಕಂಬಕ್ಕೆ ಗುದ್ದಿದ ವಿಷಯವನ್ನು ಅವನು ಮೂರು ದಿನ, ಮೂರು ಸಲ, ಅಕ್ಷರ ವ್ಯತ್ಯಾಸವಿಲ್ಲದೆ ಒಂದೇ ರೀತಿ ಹೇಳಿದ. ಹೇಳಿಕೊಟ್ಟ ಪಾಠವಲ್ಲದಿದ್ದರೆ ಇಷ್ಟು ಹದವಾಗಿ ಬರುವುದಿಲ್ಲವೆಂದು ನಾನು ಟಿಪ್ಪಣಿ ಬರೆದೆ. ಅವನನ್ನು ಎಲ್ಲರೆದುರು ಗದರಿದರು. ಆಮೇಲೆ ತಿಳಿದದ್ದು: ಅವನ ಜೀವನದಲ್ಲಿ ನಡೆದ ದೊಡ್ಡ ಘಟನೆ ಅದೊಂದೇ. ಅದನ್ನು ಅವನು ಹೆಂಡತಿಗೆ, ಮಕ್ಕಳಿಗೆ, ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿ ಹೇಳಿ, ನಟನ ಪಾತ್ರದಂತೆ ಮಾತು ಗಟ್ಟಿಯಾಗಿತ್ತು. ಹೇಳಿದ್ದೆಲ್ಲ ನಿಜವಾಗಿತ್ತು. ನಾನು ಅವನ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಅವನು ನನ್ನನ್ನು ಕೂರಿಸಿ, ನಾಲ್ಕನೆಯ ಸಲ ಅದೇ ಕಥೆ ಹೇಳಿದ.

ತರುಣರೇ, ಒಬ್ಬನು ಮೂರು ಸಲ ಒಂದೇ ರೀತಿ ಹೇಳಿದರೆ ಗಾಬರಿಯಾಗಬೇಡಿ. ಐವರು ಒಂದು ಸಲ ಒಂದೇ ರೀತಿ ಹೇಳಿದಾಗ ಎದ್ದು ಕುಳಿತುಕೊಳ್ಳಿ.

ಇನ್ನು ವಿಧಾನ ಬದಲಾದ ಬಗೆ. ನನ್ನ ಕಾಲದ ಬಹುಭಾಗ ನಮ್ಮಲ್ಲಿ "ಮೇಲಿನಂತೆ" ಎಂಬ ಪದ್ಧತಿಯಿತ್ತು. ಮೊದಲ ಸಾಕ್ಷಿ ವಿವರವಾಗಿ ಹೇಳುತ್ತಾನೆ. ಹಿಂದೆ ಸಾಲಾಗಿ ನಿಂತವರು, ಕೆಲಸಕ್ಕೆ ಮರಳುವ ಆತುರದಲ್ಲಿ, ಇವರು ಹೇಳಿದ್ದೇ ಬಾಬು, ಅದೇ ಎನ್ನುತ್ತಾರೆ. ನಾನು ಅವರ ಹೆಸರಿನ ಮುಂದೆ "ಮೇಲಿನಂತೆ" ಎಂದು ಬರೆದು ಸಹಿ ಹಾಕಿಸುತ್ತಿದ್ದೆ. ಸೋಮಾರಿತನದ ಪದ್ಧತಿಯೇ ಸರಿ. ಆದರೆ ಅದರಲ್ಲೊಂದು ಪ್ರಾಮಾಣಿಕತೆಯಿತ್ತು: ಓದುವ ಅಧಿಕಾರಿಗೆ ಆ ಸಾಕ್ಷ್ಯದ ತೂಕ ಎಷ್ಟೆಂಬುದು ಒಂದು ನೋಟಕ್ಕೆ ತಿಳಿಯುತ್ತಿತ್ತು.

ಎರಡು ಸಾವಿರದ ಇಸವಿಯಾಚೆಗೆ ನಗರದ ಪೂರ್ವದಲ್ಲಿ, ಸಾಲ್ಟ್ ಲೇಕಿನ ಕಡೆ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿಂದ ಬಂದವರು ನಮಗೊಂದು ವ್ಯವಸ್ಥೆ ಮಾಡಿಕೊಟ್ಟರು. ಹೇಳಿಕೆಗಳನ್ನು ಇನ್ನು ಕಂಪ್ಯೂಟರಿನಲ್ಲಿಯೇ ದಾಖಲಿಸಬೇಕು. ಸಾಕ್ಷಿಯ ಹೆಸರು, ಹುದ್ದೆ, ನಿಂತಿದ್ದ ಸ್ಥಳ, ಕಂಡ ಸಂಗತಿ, ಎಲ್ಲಕ್ಕೂ ಖಾನೆ. ಯಾವ ಖಾನೆಯನ್ನೂ ಖಾಲಿ ಬಿಡುವಂತಿಲ್ಲ. "ಮೇಲಿನಂತೆ" ಎಂದು ಬರೆದರೆ ಯಂತ್ರ ಒಪ್ಪುವುದಿಲ್ಲ. ಇದರಿಂದ ಪ್ರತಿಯೊಬ್ಬನ ಹೇಳಿಕೆಯೂ ಪೂರ್ಣವಾಗಿ ಬರುತ್ತದೆಂದು ಮ್ಯಾನೇಜರರು ಹಿಗ್ಗಿದರು. ಬಂದದ್ದೇನೆಂಬುದನ್ನು ಈಗ ಹೇಳುತ್ತೇನೆ.

ಅದೇ ಸಾಲ್ಟ್ ಲೇಕಿನ ಯಾವುದೋ ಕಟ್ಟಡಕ್ಕಾಗಿ ಒಂದು ದೊಡ್ಡ ಜನರೇಟರ್ ಹಡಗಿನಲ್ಲಿ ಬಂದಿತ್ತು. ಹಡಗಿನ ಆಳವಾದ ಒಡಲಿನಲ್ಲಿ ಮೂವರು ಕೂಲಿಗಳು ಆ ಮರದ ಪೆಟ್ಟಿಗೆಗೆ ತಂತಿಹಗ್ಗ ಬಿಗಿಯುತ್ತಿದ್ದರು. ಧಕ್ಕೆಯ ಮೇಲೆ, ಎಂದರೆ ಹಡಗು ತಂಗುವ ಕಟ್ಟೆಯ ಮೇಲೆ, ಎತ್ತರದ ಕ್ರೇನು. ಕ್ರೇನಿನ ಚಾಲಕನಿಗೆ ಒಡಲಿನ ತಳ ಕಾಣುವುದಿಲ್ಲ. ಆದ್ದರಿಂದ ಒಡಲಿನ ಬಾಯಿಯ ಅಂಚಿನಲ್ಲಿ ಸಿಗ್ನಲ್‌ಮ್ಯಾನ್ ನಿಂತು, ಕೆಳಗೆ ನೋಡಿ, ಕೈಸನ್ನೆ ಮಾಡುತ್ತಾನೆ. ತೋರುಬೆರಳನ್ನು ಮೇಲೆ ಮಾಡಿ ತಿರುಗಿಸಿದರೆ ಎತ್ತು. ತೋಳನ್ನು ಅಡ್ಡಕ್ಕೆ ಚಾಚಿ ಅಂಗೈ ಕೆಳಗೆ ಮಾಡಿದರೆ ನಿಲ್ಲು. ಅಂದು ಎರಡನೆಯ ಹಗ್ಗ ಬಿಗಿಯುವ ಮೊದಲೇ ಕ್ರೇನು ಎತ್ತಿತು; ಪೆಟ್ಟಿಗೆ ವಾಲಿ ಜಾರಿ ಬಿತ್ತು. ಒಬ್ಬನ ಪಾದ ಜಜ್ಜಿತು. ಅವನು ಆಸ್ಪತ್ರೆ ಸೇರಿದ. ಆರು ತಿಂಗಳಿಗೆ ನಡೆದಾಡುವಂತಾದ.

ಸಿಗ್ನಲ್‌ಮ್ಯಾನ್ ಇಸ್ಮಾಯಿಲ್ ಮಿಯಾ. ಮೂವತ್ತು ವರ್ಷದ ಸೇವೆ, ನಿವೃತ್ತಿಗೆ ಹನ್ನೊಂದು ತಿಂಗಳು. ಮರುದಿನ ಹೇಳಿಕೆ ಕೊಡಲು ಐವರು ಬಂದರು: ಸೂಪರ್‌ವೈಸರ್, ಕ್ರೇನ್ ಚಾಲಕ ರಾಮಾವತಾರ, ಧಕ್ಕೆಯಲ್ಲಿ ಕುಳಿತು ಸರಕು ಎಣಿಸುವ ಗುಮಾಸ್ತ, ಒಡಲಿನಲ್ಲಿದ್ದ ಇಬ್ಬರು ಕೂಲಿಗಳು. ಮೊದಲು ಸೂಪರ್‌ವೈಸರ್ ಹೇಳಿದರು: ತಾನು ಧಕ್ಕೆಯ ಮೇಲಿದ್ದೆ, ಸಿಗ್ನಲ್‌ಮ್ಯಾನ್ ಕೈ ಮೇಲೆತ್ತಿ ಎತ್ತುವ ಸನ್ನೆ ಕೊಟ್ಟದ್ದನ್ನು ಕಂಡೆ, ಕ್ರೇನು ಎತ್ತಿತು. ಹೇಳಿ ಮುಗಿಸಿಯೂ ಅವರು ಬಾಗಿಲ ಬಳಿಯೇ ನಿಂತಿದ್ದರು. ಮಿಕ್ಕವರ ಕಡೆ ನಾನು ನೋಡಿದೆ, ಅವರು ತಲೆಯಾಡಿಸಿದರು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿಗೆ ನಾನು ಮೂವತ್ತು ವರ್ಷದ ಅಭ್ಯಾಸದಿಂದ, ಬಾಕಿ ನಾಲ್ವರದೂ ಇದೇ ಎಂದೆ. ಅವಳು ನಾಲ್ವರು ನಿಂತಿದ್ದ ಸ್ಥಳಗಳನ್ನು ಮಾತ್ರ ಕೇಳಿ ತುಂಬಿ, ಕಂಡ ಸಂಗತಿಯನ್ನು ಮೊದಲನೆಯದರಿಂದ ಎತ್ತಿ ನಾಲ್ಕೂ ಖಾನೆಗಳಲ್ಲಿ ಇಟ್ಟಳು. ಅವಳ ತಪ್ಪಿಲ್ಲ. ಅಚ್ಚಾಗಿ ಬಂದ ಹಾಳೆಗಳಿಗೆ ನಾನು ಓದದೆ ದೃಢೀಕರಣದ ಸಹಿ ಹಾಕಿದೆ. ಇಂಗ್ಲಿಷ್ ಬಾರದ ಸಾಕ್ಷಿಗಳೂ ಸಹಿ ಹಾಕಿದರು.

ಕೈಬರಹದಲ್ಲಿ ಒಂದು ಹೇಳಿಕೆ, ನಾಲ್ಕು "ಮೇಲಿನಂತೆ" ಆಗಿರುತ್ತಿದ್ದದ್ದು, ಯಂತ್ರದಿಂದ ಹೊರಬಂದಾಗ ಐದು ಸ್ವತಂತ್ರ ಪ್ರತ್ಯಕ್ಷ ಸಾಕ್ಷ್ಯಗಳಾಗಿತ್ತು. ಇಸ್ಮಾಯಿಲ್ ಮಿಯಾ ತಮ್ಮ ಹೇಳಿಕೆಯಲ್ಲಿ, ನಾನು ತೋಳು ಅಡ್ಡಕ್ಕೆ ಚಾಚಿದ್ದೆ, ನಿಲ್ಲಿಸಿದ್ದೆ ಎಂದಿದ್ದರು. ಐವರ ಎದುರು ಒಬ್ಬರು. ಅವರನ್ನು ಅಮಾನತು ಮಾಡಿ, ವಜಾ ಮಾಡುವ ವಿಚಾರಣೆ ನಿಗದಿಯಾಯಿತು.

ಅವರು ದಿನವೂ ಬಂದು ದಾಖಲೆ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಯಾರನ್ನೂ ಬೇಡುತ್ತಿರಲಿಲ್ಲ. ಒಂದು ದಿನ ನನ್ನನ್ನು ನಿಲ್ಲಿಸಿ ಹೇಳಿದ ಮಾತು ಇಷ್ಟೇ: "ಬಾಬು, ಈ ಕೈ ನಂಬಿ ಮೂವತ್ತು ವರ್ಷ ಜನ ಹಡಗಿನ ಹೊಟ್ಟೆಗೆ ಇಳಿದಿದ್ದಾರೆ. ಕೆಲಸ ಕಳೆದುಕೊಂಡೇನು. ಈ ಕೈ ಸುಳ್ಳು ಹೇಳಿತು ಅಂತ ಬರೆದರೆ ಮೊಹಲ್ಲಾದಲ್ಲಿ ಯಾರಿಗೆ ಕೈ ಎತ್ತಿ ಸಲಾಂ ಮಾಡಲಿ?"

ಆ ಶನಿವಾರ ನೀಲಮಣಿಬಾಬು ಬಂದಾಗ ಕೈಯಲ್ಲಿ ನಾಟಕವಿರಲಿಲ್ಲ. ಕಡತವನ್ನು ಮನೆಗೆ ತರುವುದು ನಿಯಮಕ್ಕೆ ವಿರುದ್ಧ, ಅವರು ತರಲಿಲ್ಲ. ಆದರೆ ದಾಖಲೆ ಕೋಣೆಯಲ್ಲಿ ಒಂದು ಸಲ ಓದಿದಾಗಲೇ ಐವರ ಪಾತ್ರವೂ ಬಾಯಿಪಾಠವಾಯಿತೆಂದು, ಈ ವಯಸ್ಸಿನಲ್ಲಿಯೂ ತನ್ನ ನೆನಪು ನಟನ ನೆನಪೆಂದು ಹೆಮ್ಮೆಪಟ್ಟರು. ಎದ್ದು ನಿಂತು ಸೂಪರ್‌ವೈಸರ್ ಪಾತ್ರ ಹೇಳಿದರು. ಆಮೇಲೆ ದನಿ ಬದಲಿಸಿ ಗುಮಾಸ್ತನ ಪಾತ್ರ. ಮೂರನೆಯದಕ್ಕೆ ಬರುವಾಗ ಸುಮತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಎಂತದು ಮಾರಾಯ್ರೆ," ಎಂದಳು ನನಗೆ, ಕನ್ನಡದಲ್ಲಿ. "ಐದು ಜನಕ್ಕೂ ಒಂದೇ ಕಣ್ಣಾ? ಇದನ್ನು ಬಾಯಿಪಾಠ ಮಾಡ್ಲಿಕ್ಕೆ ನಟ ಯಾಕೆ, ಗಿಳಿ ಸಾಕು."

ನಾನು ಅದನ್ನು ಬಂಗಾಳಿಯಲ್ಲಿ ಹೇಳಿದೆ. ನೀಲಮಣಿಬಾಬು ಕುಳಿತರು. ನಮ್ಮಿಬ್ಬರ ಮುಖವೂ ಒಂದೇ ಹೊತ್ತಿಗೆ ಇಳಿಯಿತು. ಇಪ್ಪತ್ತು ವರ್ಷ ನಾಟಕದ ದೂತರನ್ನು ಸತಾಯಿಸಿದ ನಾವು, ನಮ್ಮ ಮೇಜಿನ ಮೇಲೆ ಬಂದ ಐವರು ದೂತರನ್ನು ಸುಮ್ಮನೆ ಒಳಗೆ ಬಿಟ್ಟುಕೊಂಡಿದ್ದೆವು.

ಸುಮತಿ ಅಕ್ಕಿಯ ಆಳದ ಡಬ್ಬಿ ತಂದಿಟ್ಟಳು. ಅದು ಹಡಗು. ಬೆಂಕಿಪೊಟ್ಟಣಗಳು ಬಂದವು. ಅಂಚಿನ ಮೇಲೆ ಇಸ್ಮಾಯಿಲ್ ಮಿಯಾ. ಡಬ್ಬಿಯ ತಳದಲ್ಲಿ ಇಬ್ಬರು ಕೂಲಿಗಳು. ಹಗ್ಗ ಬಿಗಿಯುತ್ತ ಪೆಟ್ಟಿಗೆಯ ಹಿಂದೆ ಬಾಗಿದ್ದವರಿಗೆ ಅಂಚಿನವನ ಕೈ ಕಾಣುವುದು ಹೇಗೆ? ಡಬ್ಬಿಯ ಹೊರಗೆ, ಕೆಳಗೆ, ಧಕ್ಕೆಯ ಮೇಲೆ ಗುಮಾಸ್ತ ಮತ್ತು ಸೂಪರ್‌ವೈಸರ್. ಸರಕು ಇಳಿದಂತೆ ಹಡಗು ಹಗುರಾಗಿ ನೀರಿನಿಂದ ಮೇಲೇಳುತ್ತದೆ. ಜನರೇಟರ್ ಕೊನೆಯಲ್ಲಿ ಇಳಿಯುವ ಸಾಮಾನು. ಆಗ ಹಡಗಿನ ಬದಿ ಎರಡಾಳು ಎತ್ತರದ ಗೋಡೆ. ಗೋಡೆಯ ಬುಡದಲ್ಲಿ ನಿಂತವರಿಗೆ ಒಡಲಿನ ಅಂಚು ಕಾಣುವುದಿಲ್ಲ.

ಉಳಿದದ್ದು ಒಂದು ಪೊಟ್ಟಣ, ಎತ್ತರದಲ್ಲಿ: ಕ್ರೇನ್ ಚಾಲಕ ರಾಮಾವತಾರ. ಅವನಿಗೆ ಕಂಡಿರಲೇಬೇಕು. ಅವನು ತಾನಾಗಿ ಇದೇ ಮಾತು ಹೇಳಿದರೆ ಇಸ್ಮಾಯಿಲ್ ಮಿಯಾ ಮುಳುಗಿದರು.

ಸೋಮವಾರ ಹೋಗಿ ಅವನನ್ನು ಕೇಳಿಬಿಡಿ ಎಂದಳು ಸುಮತಿ. ನೀಲಮಣಿಬಾಬು ಬೇಡವೆಂದರು. ಹೇಳಿಕೆ ಬರೆದುಕೊಂಡವನೇ ವಿಚಾರಣೆಗೆ ಮೊದಲು ಸಾಕ್ಷಿಯನ್ನು ಗುಟ್ಟಾಗಿ ಕಂಡರೆ ಅದು ತಾಲೀಮು. ತಾಲೀಮಾದ ಸಾಕ್ಷಿ ಯಾರಿಗೂ ಸಲ್ಲದು. ಕೇಳುವುದಾದರೆ ಎಲ್ಲರೆದುರು ಕೇಳಬೇಕು. ಅದಕ್ಕಿದ್ದ ದಾರಿ ಒಂದೇ. ಈ ಹೇಳಿಕೆಗಳು ಹೇಳಿಕೆಗಳಲ್ಲ ಎಂದು ಯಾರಾದರೂ ಬರೆದುಕೊಡಬೇಕು.

"ಬರೆದವರು ನೀವೇ ಅಲ್ವಾ?" ಎಂದಳು ಸುಮತಿ.

ಎರಡು ದಿನ ನಾನು ಮನಸ್ಸಿನಲ್ಲಿ ಬಗೆಬಗೆಯ ವಾಕ್ಯ ಕಟ್ಟಿದೆ. ಎಲ್ಲ ವಾಕ್ಯಗಳಲ್ಲಿಯೂ ತಪ್ಪು ಯಂತ್ರದ್ದಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಬೆಂಚಿನ ಮೇಲೆ ಇಸ್ಮಾಯಿಲ್ ಮಿಯಾ ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಿದ್ದುದನ್ನು ಕಂಡೆ. ಒಳಗೆ ಹೋಗಿ ಕೈಬರಹದಲ್ಲಿ ಬರೆದೆ: ಐದು ಹೇಳಿಕೆಗಳಲ್ಲಿ ನಾಲ್ಕನ್ನು ನಾನು ಕೇಳಿಲ್ಲ, ಒಂದನ್ನು ನಾಲ್ಕು ಸಲ ಹಾಕಿಸಿದ್ದೇನೆ, ಓದದೆ ದೃಢೀಕರಿಸಿದ್ದೇನೆ, ಸಾಕ್ಷಿಗಳನ್ನು ಅವರವರ ಸ್ಥಳದಲ್ಲಿ ನಿಲ್ಲಿಸಿ ಕೇಳಬೇಕೆಂದು ವಿನಂತಿಸುತ್ತೇನೆ.

ಮ್ಯಾನೇಜರರು ಕರೆಸಿದರು. ನಿವೃತ್ತಿಗೆ ಎರಡು ವರ್ಷವಿರುವಾಗ ತನ್ನ ಮೇಲೆ ತಾನೇ ದೂರು ಬರೆದ ಮನುಷ್ಯನನ್ನು ಅವರು ಕಂಡಿರಲಿಲ್ಲವಂತೆ. ಕಾಗದವನ್ನು ಹಿಂದಕ್ಕೆ ಪಡೆಯಲು ಒಂದು ಗಂಟೆ ಕೊಟ್ಟರು. ಆ ಗಂಟೆಯನ್ನು ನಾನು ದಾಖಲೆ ಕೋಣೆಯಲ್ಲಿ ಚಹಾ ಕುಡಿಯುತ್ತ ಕಳೆದೆ.

ವಿಚಾರಣಾಧಿಕಾರಿಯಾಗಿದ್ದವರು ಸೇನ್‌ಗುಪ್ತ ಮೇಡಂ. ಅಲಿಪುರದ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದು, ನಮ್ಮ ಸಂಸ್ಥೆ ಹೊರಗಿನಿಂದ ನೇಮಿಸಿದವರು. ಬಾಯಲ್ಲಿ ಲವಂಗ, ಮಾತು ಕಡಿಮೆ. ನನ್ನ ಕಾಗದ ಓದಿ, ಹೀಗೆ ಎಷ್ಟು ವರ್ಷದಿಂದ ನಡೆದಿದೆ ಎಂದರು. ನಾನು ಬಂದಾಗಿನಿಂದ ಎಂದೆ. ಲವಂಗವನ್ನು ಆಚೆ ದವಡೆಗೆ ಹೊರಳಿಸಿ, ಸರಿ, ಹಡಗು ತೋರಿಸಿ ಎಂದರು.

ಆ ಹಡಗು ಹೊರಟುಹೋಗಿತ್ತು. ಅದೇ ಅಳತೆಯ, ಅದೇ ರಚನೆಯ ಜೋಡಿ ಹಡಗು ಮೂರು ವಾರಕ್ಕೆ ಅದೇ ಧಕ್ಕೆಗೆ ಬಂತು. ಸರಕು ಬಹುಪಾಲು ಇಳಿದು ಹಡಗು ಮೇಲೆದ್ದ ದಿನ, ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಸೇರಿದೆವು. ಅಪಘಾತದ ದಿನ ಹತ್ತಿರದ ಕ್ರೇನು ಕೆಟ್ಟಿದ್ದು, ಪಕ್ಕದ ಕ್ರೇನಿನಿಂದ ಕೆಲಸ ನಡೆದಿತ್ತೆಂಬುದನ್ನು ನೀಲಮಣಿಬಾಬು ಕ್ರೇನಿನ ದಿನಚರಿ ಪುಸ್ತಕದಿಂದ ಹುಡುಕಿ ಕೊಟ್ಟಿದ್ದರು. ಮೇಡಂ ರಾಮಾವತಾರನನ್ನು ಆ ಪಕ್ಕದ ಕ್ರೇನಿಗೇ ಹತ್ತಿಸಿದರು. ಕೂಲಿಗಳು ಒಡಲಿಗೆ ಇಳಿದರು. ಗುಮಾಸ್ತನೂ ಸೂಪರ್‌ವೈಸರೂ ಧಕ್ಕೆಯಲ್ಲಿ, ತಾವು ಹೇಳಿದ ಸ್ಥಳದಲ್ಲಿ. ಇಸ್ಮಾಯಿಲ್ ಮಿಯಾರನ್ನು ದೂರ ಕೂರಿಸಿ, ಅವರ ಜಾಗದಲ್ಲಿ ನಿಲ್ಲಲು ಸಂಬಂಧವಿಲ್ಲದ ಒಬ್ಬರು ಬೇಕೆಂದರು.

ನೀಲಮಣಿಬಾಬು ಮುಂದೆ ಬಂದರು. ಜೀವಮಾನದಲ್ಲಿ ಎರಡನೆಯ ಸಲ ಮುಖ್ಯ ಪಾತ್ರ. ಮೊಣಕಾಲು ಹಿಡಿದುಕೊಂಡು ಏಣಿ ಹತ್ತಿ, ಒಡಲಿನ ಅಂಚಿನಲ್ಲಿ ನಿಂತು, ಮೇಡಂ ಕಿವಿಯಲ್ಲಿ ಹೇಳಿದಂತೆ ಮಾಡಿದರು. ನಾನು ಹಡಗಿನ ಮೇಲೆ ಮೇಡಂ ಪಕ್ಕದಲ್ಲಿದ್ದೆ. ಅವರು ಮಾಡಿದ್ದು ನನಗೆ ಕಾಣುತ್ತಿತ್ತು: ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ ಸುಮ್ಮನೆ ನಿಂತಿದ್ದರು.

ಮೇಡಂ ಹಡಗಿನ ಬದಿಯ ಕಂಬಿಗೆ ಬಾಗಿ ಗುಮಾಸ್ತನನ್ನು ಕೇಳಿದರು. ಅವನು ಸೂಪರ್‌ವೈಸರ್ ಕಡೆ ನೋಡಿ, ಕೈ ಎತ್ತಿದ್ದಾರೆ ಎಂದ. ಯಾವ ಕೈ ಎಂದರು. ಬಲಗೈ ಎಂದ. ಒಡಲಿನ ಕೂಲಿಗಳನ್ನು ಕೇಳಿದರು. ಒಬ್ಬ ಜೊತೆಗಾರನ ಮುಖ ನೋಡಿದ. ಇನ್ನೊಬ್ಬ ಕತ್ತೆತ್ತಿ, "ಇಲ್ಲಿಂದ ಆಕಾಶ ಕಾಣ್ತದೆ ಮಾಯ್‌ಜಿ, ಮತ್ತೇನೂ ಇಲ್ಲ. ಅವತ್ತೂ ಅಷ್ಟೇ," ಎಂದ. ಅವತ್ತು ಯಾಕೆ ಹೇಳಲಿಲ್ಲವೆಂದರೆ, ಬಾಬು ಕೇಳಲಿಲ್ಲ ಎಂದು ನನ್ನ ಕಡೆ ಬೆರಳು ತೋರಿಸಿದ. ಅದು ನನಗೆ ಸಲ್ಲಬೇಕಾದದ್ದೇ.

ಉಳಿದವನು ರಾಮಾವತಾರ. ಮೇಡಂ ಕೈಬೀಸಿ ಅವನನ್ನು ಕೇಳಿದರು. ಅವನು ಗಾಜಿನ ಕಿಟಕಿ ಸರಿಸಿ ತಲೆ ಹೊರಹಾಕಿದ. ಅವನು ಕಂಡದ್ದನ್ನು ಸರಿಯಾಗಿ ಹೇಳಿದರೆ, ಕೈ ಹಿಂದೆ ಕಟ್ಟಿದ್ದಾರೆ ಎಂದರೆ, ಅಂದೂ ಅವನು ಕಂಡದ್ದನ್ನೇ ಹೇಳಿದ್ದನೆಂದು ಆಗುತ್ತಿತ್ತು.

"ದತ್ತಬಾಬು ಎಲ್ಲಿದ್ದಾರೆ?" ಎಂದು ಕೂಗಿದ ರಾಮಾವತಾರ. "ಹಡಗಿನ ಕಂಬ ಅಡ್ಡ ಇದೆ. ಒಂದು ಚಪ್ಪಲಿ ಮಾತ್ರ ಕಾಣ್ತದೆ."

ಧಕ್ಕೆಯ ಮೇಲೆ ಯಾರೋ ನಕ್ಕರು. ಮೇಡಂ ನಗಲಿಲ್ಲ. ಅವನನ್ನು ಕೆಳಗಿಳಿಸಿ, ಎಲ್ಲರೆದುರು ಕೇಳಿದರು: ಹಾಗಾದರೆ ಅಂದು ಯಾರ ಕೈ ನೋಡಿ ಎತ್ತಿದೆ?

ರಾಮಾವತಾರ ಟೋಪಿ ತೆಗೆದ. "ಸೂಪರ್‌ವೈಸರ್ ಸಾಹೇಬರ ಕೈ. ಈ ಕ್ರೇನಿಂದ ಮಿಯಾ ಕಾಣೋದಿಲ್ಲ ಅಂತ ಅವರೇ ಮೇಲೆ ಬಂದು ಕಂಬದ ಈಚೆ ನಿಂತು ಸನ್ನೆ ದಾಟಿಸ್ತಾ ಇದ್ದರು. ಒಡಲಿಗೆ ಬಗ್ಗಿದ್ದ ಮಿಯಾಗೆ ಅದು ಗೊತ್ತಿರಲಿಕ್ಕಿಲ್ಲ. ಅವರು ಎತ್ತು ಅಂದರು, ಎತ್ತಿದೆ. ನನ್ನನ್ನು ಯಾರೂ ಕೇಳಲಿಲ್ಲ."

ದೂತ. ಇಪ್ಪತ್ತು ವರ್ಷ ಮೇಜು ಕುಟ್ಟಿ ನಾವು ಹುಡುಕಿದ ದೂತ ಅಲ್ಲಿ, ಹಡಗಿನ ಕಂಬದ ಪಕ್ಕದಲ್ಲಿ ನಿಂತಿದ್ದ. ಸನ್ನೆಯನ್ನು ಸರಿಯಾಗಿ ದಾಟಿಸದ ದೂತ. ಆಮೇಲೆ ತಾನು ರಂಗದ ಮೇಲೆ ಇರಲೇ ಇಲ್ಲ, ಧಕ್ಕೆಯಲ್ಲಿದ್ದೆ ಎಂದ ದೂತ.

ಸೂಪರ್‌ವೈಸರ್ ಬಹಳ ಹೊತ್ತು ವಾದಿಸಲಿಲ್ಲ. ಲಾರಿಗಳು ಕಾದಿದ್ದವು, ನಾನು ಲಾರಿಗಳ ಕಡೆ ತಿರುಗಿದ್ದೆ, ಹಗ್ಗ ಬಿಗಿದಿರಬೇಕು ಅಂದುಕೊಂಡೆ ಎಂದರು. ಅವರು ಕೆಟ್ಟವರಲ್ಲ, ಆತುರಗಾರರು, ಆಮೇಲೆ ಹೆದರಿದವರು. ಅವರಿಗೆ ಶಿಕ್ಷೆಯಾಯಿತು. ನನಗೆ ಲಿಖಿತ ಎಚ್ಚರಿಕೆ ಬಂತು. ಅದನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ, ಬೀಳ್ಕೊಡುಗೆಯ ಪ್ರಶಸ್ತಿಪತ್ರದ ಜೊತೆಯಲ್ಲಿ, ಅದರ ಮೇಲೆ. ಸಾಲ್ಟ್ ಲೇಕಿನವರು ಬಂದು, ಒಬ್ಬನ ಮಾತನ್ನು ಇನ್ನೊಬ್ಬನ ಖಾನೆಗೆ ಎತ್ತಿಡಲಾಗದಂತೆ ವ್ಯವಸ್ಥೆಯನ್ನು ತಿದ್ದಿದರು. ಒಳ್ಳೆಯ ತಿದ್ದುಪಡಿ. ಮ್ಯಾನೇಜರರು ಅದನ್ನು ನೋಡಿ, ಸತ್ಯವನ್ನು ಕಂಡುಹಿಡಿದದ್ದೂ ಅದೇ ಎಂದು ಭಾವಿಸಿರಬೇಕು. ಕಂಡುಹಿಡಿದದ್ದು ಒಂದು ಅಕ್ಕಿ ಡಬ್ಬಿ, ಆರು ಬೆಂಕಿಪೊಟ್ಟಣ, ಸೌಟು ಹಿಡಿದ ಒಬ್ಬ ಹೆಂಗಸು. ಇದನ್ನು ನಾನು ಕಂಡವನು, ಕೇಳಿದವನಲ್ಲ.

ಇಸ್ಮಾಯಿಲ್ ಮಿಯಾ ಕೆಲಸಕ್ಕೆ ಮರಳಿದ ಮೊದಲ ದಿನ ನೀಲಮಣಿಬಾಬುಗಳೂ ನಾನೂ ಊಟದ ಬಿಡುವಿನಲ್ಲಿ ಧಕ್ಕೆಗೆ ಹೋದೆವು. ಗೋಡೆಯಂತೆ ನಿಂತ ಹಡಗಿನ ಬುಡದಲ್ಲಿ ತಲೆಯೆತ್ತಿ ನಿಂತೆವು. ಮೇಲೆ ಕ್ರೇನು ತಿರುಗುತ್ತಿತ್ತು. ಮಿಯಾ ಏನು ಹೇಳುತ್ತಿದ್ದಾರೆ ಎಂದು ನೀಲಮಣಿಬಾಬು ಕೇಳಿದರು.

"ಇಲ್ಲಿಂದ ಕಾಣುವುದಿಲ್ಲ," ಎಂದೆ. "ಹತ್ತಿ."

ಅವರು ಮೊಣಕಾಲನ್ನೂ ನನ್ನನ್ನೂ ಬೈಯುತ್ತ ಏಣಿ ಹತ್ತಿದರು; ನಾನು ಹಿಂದಿನಿಂದ. ಮೇಲೆ ತಲುಪುವಾಗ ಇಬ್ಬರಿಗೂ ಉಸಿರಿರಲಿಲ್ಲ. ಒಡಲಿನ ಅಂಚಿನಲ್ಲಿ ಇಸ್ಮಾಯಿಲ್ ಮಿಯಾ ಕೆಳಗೆ ನೋಡುತ್ತ ನಿಂತಿದ್ದರು, ನಮ್ಮನ್ನು ಗಮನಿಸಲಿಲ್ಲ. ಒಡಲಿನೊಳಗಿಂದ ಯಾರೋ ಕೂಗಿದರು. ಮಿಯಾ ಬಲತೋಳನ್ನು ಅಡ್ಡಕ್ಕೆ ಚಾಚಿ, ಅಂಗೈಯನ್ನು ಕೆಳಗೆ ಮಾಡಿದರು. ಅಂದು ಯಾರೂ ನೋಡದಿದ್ದ, ಐವರು ನೋಡಿದೆವೆಂದು ಸಹಿ ಹಾಕಿದ್ದ ಕೈ. ತಲೆಯ ಮೇಲೆ ನಾಲ್ಕು ಟನ್ನಿನ ಪೆಟ್ಟಿಗೆ ಗಾಳಿಯಲ್ಲಿ ಹಾಗೆಯೇ ನಿಂತಿತು.